ಜೂಲಿಯನ್ ದೊರೆ

ಕಾನ್‌ಸ್ಟಂಟೈನ್ ದೊರೆ ಬೆಂಬಲ ಕೊಟ್ಟ ಮೇಲೆ ರೋಮ್ ಸಾಮ್ರಾಜ್ಯ ಕ್ರೈಸ್ತವಾಯಿತು ಅಂತ ನಾವು ಓದಿದ್ದೇವೆ. ಅದು ಆಗಲೇಬೇಕಿತ್ತು, ಯಾರೂ ತಡೆಯೋಕೆ ಆಗ್ತಿರಲಿಲ್ಲ ಅಂತ ನಾನು ತಿಳಿದಿದ್ದೆ. ಆದರೆ ತಡೆಯಲು ಹೊರಟ ಒಬ್ಬ ದೊರೆ ಇದ್ದ. ಅವನು ಕಾನ್‌ಸ್ಟಂಟೈನನ ತಮ್ಮನ ಮಗನೇ!

ಜೂಲಿಯನ್ ಹುಟ್ಟಿದ್ದು ಕ್ರಿ.ಶ. 331ರ ಸುಮಾರಿಗೆ, ಕಾನ್‌ಸ್ಟಾಂಟಿನೋಪಲ್ ಪಟ್ಟಣದಲ್ಲಿ. ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. 337ರಲ್ಲಿ ದೊಡ್ಡಪ್ಪ ಸತ್ತ ಮೇಲೆ ಸೈನಿಕರು ರಾಜಮನೆತನದ ಬಹಳ ಜನರನ್ನು ಕೊಂದರು. ಅವನ ಅಪ್ಪನನ್ನೂ ಕೊಂದರು. ಇವನು ತೀರ ಚಿಕ್ಕವನು ಅಂತ ಬಿಟ್ಟರು. ಪಾಪ, ಆಗ ಅವನಿಗೆ ಆರೇ ವರ್ಷ. ಅವನನ್ನು ಕ್ರೈಸ್ತನಾಗಿಯೇ ಬೆಳೆಸಿದರು. ಆದರೆ ಹಳೇ ಗ್ರೀಕ್ ಪುಸ್ತಕ ಓದಿ ಓದಿ ಅವನ ಮನಸ್ಸು ಹಳೆಯ ದೇವರುಗಳ ಕಡೆ ತಿರುಗಿತು. ಸುಮಾರು ಹತ್ತು ವರ್ಷ ಅದನ್ನು ಮುಚ್ಚಿಟ್ಟುಕೊಂಡಿದ್ದ.

361ರಲ್ಲಿ ದೊರೆಯಾದ ಕೂಡಲೇ ಗುಡಿಗಳನ್ನು ತೆರೆಸಿದ. 362ರಲ್ಲಿ, ಕ್ರೈಸ್ತ ಮೇಷ್ಟ್ರುಗಳು ಗ್ರೀಕರ ಹಳೆಯ ಕಾವ್ಯಗಳ ಪಾಠ ಮಾಡಬಾರದು ಅಂತ ಕಾನೂನು ತಂದ. ಆ ದೇವರುಗಳನ್ನು ನಂಬದವರು ಆ ಪಾಠ ಹೇಳಬಾರದಂತೆ. ಅಥೆನ್ಸ್‌ನ ಪ್ರೊಹೆರೇಸಿಯಸ್ ಎಂಬ ಹೆಸರಾಂತ ಗುರು ಪಾಠ ಬಿಟ್ಟ. ಇದು ನನಗೆ ಸರಿ ಕಾಣಲಿಲ್ಲ. ನಮ್ಮ ಮೇಷ್ಟ್ರನ್ನು ಹೀಗೆ ಮನೆಗೆ ಕಳಿಸಿದ್ರೆ ನಾವು ಸುಮ್ನೆ ಇರ್ತಿದ್ವಾ? ಜೂಲಿಯನ್‌ನನ್ನು ಮೆಚ್ಚಿ ಚರಿತ್ರೆ ಬರೆದ ಅಮ್ಮಿಯಾನಸ್ ಕೂಡ ಇದನ್ನು ತಪ್ಪು ಅಂತಲೇ ಬರೆದಿದ್ದಾನೆ. ಅವನೇನು ಕ್ರೈಸ್ತನಲ್ಲ.

ಇನ್ನೊಂದು ವಿಷಯ ಕೇಳಿ. ಕ್ರೈಸ್ತರು ತಮ್ಮ ಬಡವರಿಗೆ ಮಾತ್ರವಲ್ಲ, ಬೇರೆಯವರ ಬಡವರಿಗೂ ಅನ್ನ ಹಾಕುತ್ತಿದ್ದರು. ಜನ ಆ ಕಡೆ ಹೋಗೋದು ಇದಕ್ಕೇ ಅಂತ ಜೂಲಿಯನ್‌ಗೆ ಗೊತ್ತಾಯಿತು. ನೀವೂ ಊರೂರಲ್ಲಿ ಛತ್ರ ಮಾಡಿ, ಬಡವರಿಗೆ ಗೋಧಿ ಕೊಡಿ ಅಂತ ತನ್ನ ಪೂಜಾರಿಗಳಿಗೆ ಕಾಗದ ಬರೆದ. ವೈರಿಯಿಂದಲೇ ಕಲಿಯಲು ಹೊರಟ ಅನ್ನಿ!

ಆಂಟಿಯೋಕ್ ಪಟ್ಟಣದ ಹತ್ತಿರ ದಾಫ್ನೆಯಲ್ಲಿ ಅಪೊಲೋ ದೇವರ ಗುಡಿ ಇತ್ತು. ಜಾತ್ರೆ ಜೋರಾಗಿರುತ್ತೆ ಅಂತ ಜೂಲಿಯನ್ ಆಸೆಯಿಂದ ಹೋದ. ಊರಿನವರು ಏನೂ ತಂದಿರಲಿಲ್ಲ. ಪೂಜಾರಿಯೊಬ್ಬನೇ ತನ್ನ ಮನೆಯಿಂದ ಒಂದು ಹೆಬ್ಬಾತು ತಂದಿದ್ದ, ಅಷ್ಟೇ. ದೊರೆಗೆ ಎಷ್ಟು ಬೇಜಾರಾಗಿರಬೇಕು!

363ರ ಜೂನ್‌ನಲ್ಲಿ ಪರ್ಷಿಯಾ ಯುದ್ಧದಲ್ಲಿ ಕವಚ ತೊಡದೆ ನುಗ್ಗಿದಾಗ ಈಟಿ ನಾಟಿ ಸತ್ತ. ಆಳಿದ್ದು ಎರಡು ವರ್ಷವೂ ಇಲ್ಲ. ಮುಂದಿನ ದೊರೆ ಜೋವಿಯನ್ ಕ್ರೈಸ್ತ. 380ರಲ್ಲಿ ಥಿಯೋಡೋಸಿಯಸ್ ದೊರೆ ಕ್ರೈಸ್ತ ಧರ್ಮವೇ ರಾಜ್ಯದ ಧರ್ಮ ಅಂತ ಆಜ್ಞೆ ಹೊರಡಿಸಿದ.

ನಾನು ಲೆಕ್ಕ ಹಾಕಿ ನೋಡಿದೆ. ಬದುಕಿದ್ದರೆ ಆಗ ಜೂಲಿಯನ್‌ಗೆ ಇನ್ನೂ 49 ವರ್ಷ. ಆ ಆಜ್ಞೆ ಬರುತ್ತಲೇ ಇರಲಿಲ್ಲ. ಆದರೆ ಜನ ಗುಡಿಗೆ ವಾಪಸ್ ಬರ್ತಿದ್ರಾ? ಆ ಒಂದೇ ಒಂದು ಹೆಬ್ಬಾತು ನೆನಪಾದರೆ ನನಗೆ ಅನುಮಾನವೇ.