ಹಂಚಿನ ಕಾರಖಾನೆಯ ಪ್ಲೆಬ್ಸ್ಟರು

ಹಿರೇಕೆರೂರು ಸೀಮೆಯ ಅಬಲೂರು ಎರಡು ಕಾರಣಗಳಿಂದ ಕನ್ನಡಿಗರಿಗೆ ಪೂಜ್ಯವಾದ ಗ್ರಾಮವು. ಏಕಾಂತದ ರಾಮಯ್ಯನ ಚರಿತ್ರವನ್ನು ಹೇಳುವ ಶಿಲಾಶಾಸನವು ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಇದೆ. ಸರ್ವಜ್ಞನ ತಾಯಿಯು ಆ ಊರಿನ ಕುಂಬಾರರ ಮನೆಯವಳೆಂದು ಪರಂಪರೆಯು ಹೇಳುತ್ತದೆ. ನಾಡಿನ ಮನೆಮನೆಗೂ ವಿವೇಕವನ್ನು ಹಂಚಿದ ಕವಿಯು ತಿಗರಿಯ ಮಗ್ಗುಲಲ್ಲಿ ಬೆಳೆದನೆಂಬುದು ಕುಂಬಾರ ವೃತ್ತಿಗೆ ಸಣ್ಣ ಗೌರವವಲ್ಲ. ಮಣ್ಣನ್ನು ಹದಗೊಳಿಸುವ ವಿದ್ಯೆಯು ನಮ್ಮಲ್ಲಿ ಅಷ್ಟು ಪುರಾತನವಾದುದು, ಅಷ್ಟು ಸಹಜವಾದುದು.

ಹೀಗಿದ್ದರೂ ಈ ಸೀಮೆಯ ಊರುಗಳಲ್ಲಿ ಹಳೆಯ ಮನೆಗಳ ಮಾಡನ್ನು ದಿಟ್ಟಿಸಿ ನೋಡಿದವರಿಗೆ ಒಂದು ಸಂಗತಿಯು ಕಾಣದಿರದು. ಅವುಗಳ ಮೇಲಿರುವುದು ಬಹುಮಟ್ಟಿಗೆ ನಮ್ಮ ಕುಂಬಾರನ ನಾಡಹಂಚಲ್ಲ, ಮಂಗಳೂರು ಹಂಚು. ಹಳೆಯದೊಂದು ಹಂಚನ್ನು ಇಳಿಸಿ ಮಗುಚಿದರೆ ಬಾಸೆಲ್ ಮಿಶನ್ನಿನ ಹೆಸರೂ 1865 ಎಂಬ ಇಸವಿಯೂ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚೊತ್ತಿರುವುದು ಹಲವೆಡೆ ಸಿಗುತ್ತದೆ. ಮಣ್ಣು ನಮ್ಮ ನದಿಯದು, ಕೈ ನಮ್ಮ ಜನರದು, ಮುದ್ರೆಯು ಮಾತ್ರ ಸಾವಿರಾರು ಹರದಾರಿ ಆಚೆಯ ಊರಿನದು. ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಯಂತ್ರಕುಶಲರ ಚರಿತ್ರವನ್ನು ಅರಿಯಬೇಕು.

1815ರಲ್ಲಿ ಸ್ವಿಸ್ ದೇಶದ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಕ್ರೈಸ್ತ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಕಾಲಿಟ್ಟರು. ಅವರ ಮತವನ್ನು ಸೇರಿದವರಿಗೆ ಕೂಡಲೆ ಒದಗಿದ ಕಷ್ಟವೆಂದರೆ ಹೊಟ್ಟೆಯ ಪಾಡು. ಜಾತಿಯು ಕೈಬಿಟ್ಟಿತು, ಜಾತಿಯೊಡನೆ ಕುಲಕಸುಬೂ, ಗೇಣಿಯ ಭೂಮಿಯೂ, ಸಾಲ ಕೊಡುವ ಸಾವುಕಾರನೂ ದೂರವಾದರು. ಹೀಗೆ ನಿರಾಶ್ರಿತರಾದವರಿಗೆ ಕೆಲಸವನ್ನು ಕಲ್ಪಿಸುವುದು ಮಿಶನ್ನಿನ ಪಾಲಿಗೆ ಅನಿವಾರ್ಯವಾಯಿತು. ಬೇಸಾಯವನ್ನು ಮಾಡಿಸಿ ನೋಡಿದರು. ಗಡಿಯಾರ ರಿಪೇರಿಯಂಥ ಕಸುಬುಗಳನ್ನು ಹೂಡಿ ನೋಡಿದರು. ಹಲವು ಯತ್ನಗಳು ಕೈಗೂಡಲಿಲ್ಲ. ನೆಯ್ಗೆ, ಮುದ್ರಣ, ಪುಸ್ತಕಕಟ್ಟು ಇವು ಮಾತ್ರ ನೆಲೆಯೂರಿದವು.

1823ರಲ್ಲಿ ಹುಟ್ಟಿದ ಪ್ಲೆಬ್ಸ್ಟರು 1851ರಲ್ಲಿ ಮಂಗಳೂರಿಗೆ ಬಂದುದು ಹಂಚಿಗಾಗಿ ಅಲ್ಲ, ಅಚ್ಚುಕೂಟಕ್ಕಾಗಿ. ಹೆರ್ಮನ್ ಮೋಗ್ಲಿಂಗರ ಕಾಲದಲ್ಲಿ, 1841ರಲ್ಲಿ, ಅಲ್ಲಿ ಕಲ್ಲಚ್ಚಿನ ಮುದ್ರಣವು ಆರಂಭವಾಗಿದ್ದಿತು. 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲ ವೃತ್ತಪತ್ರವು ಆ ಕಲ್ಲಚ್ಚಿನಿಂದಲೇ ಹೊರಬಿದ್ದಿತು. ಕಲ್ಲಿನಿಂದ ಎರಕದ ಮೊಳೆಗೆ ಕನ್ನಡವನ್ನು ತರುವ ಕೆಲಸದಲ್ಲಿ ಪ್ಲೆಬ್ಸ್ಟರು ಪಟ್ಟ ಪರಿಶ್ರಮವನ್ನು ಕನ್ನಡ ಪತ್ರಿಕೆಯನ್ನು ನಡೆಯಿಸುವ ನಮ್ಮಂಥವರು ಮರೆಯಲಾಗದು. ಒತ್ತಕ್ಷರಗಳೂ ಕೊಂಬು ಗುಡಿಸುಗಳೂ ಒಂದರ ಮೇಲೊಂದು ಹಾಯದಂತೆ, ಓದುವವನ ಕಣ್ಣು ನೋಯದಂತೆ ಅಕ್ಷರಗಳನ್ನು ತಿದ್ದಿ ಎರಕ ಹೊಯ್ಯಿಸುವುದು ಸುಲಭದ ಮಾತಾಗಿರಲಿಲ್ಲ. 1894ರಲ್ಲಿ ಕಿಟ್ಟೆಲ್ಲರ ಮಹಾಕೋಶವು ಅಚ್ಚಾದುದು ಮಂಗಳೂರಿನ ಈ ಅಚ್ಚುಕೂಟದಲ್ಲಿಯೇ ಎಂಬುದನ್ನು ನೆನೆದರೆ ಆ ಮೊದಲ ದುಡಿಮೆಯ ಬೆಲೆಯು ತಿಳಿಯುವುದು.

ಮೊಳೆಯ ಕೆಲಸಕ್ಕೂ ಹಂಚಿನ ಕೆಲಸಕ್ಕೂ ಹೊರನೋಟಕ್ಕೆ ಸಂಬಂಧವಿಲ್ಲ. ಆದರೆ ಎರಡರಲ್ಲಿಯೂ ಮೂಲತತ್ತ್ವವು ಒಂದೇ: ಒಂದು ಅಚ್ಚನ್ನು ಸರಿಯಾಗಿ ಮಾಡಿದರೆ ಅದರಿಂದ ಸಾವಿರ ಪ್ರತಿಗಳು ಒಂದೇ ಅಳತೆಯಲ್ಲಿ ಬರುವುವು. ನಮ್ಮ ಕುಂಬಾರನು ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಇಬ್ಭಾಗವಾಗಿ ಸೀಳಿ ಮಾಡುವ ಹಂಚು ಅಂದವಾದುದೇ ಸರಿ. ಆದರೆ ಒಂದರಂತೆ ಮತ್ತೊಂದಿರದು, ಪದರ ಪದರವಾಗಿ ಹೊದಿಸಬೇಕು, ಪ್ರತಿವರ್ಷ ಮಳೆಗಾಲದ ಮುಂಚೆ ಕೈಯಾಡಿಸಬೇಕು, ಕೋತಿಗಳು ಹಾದರೆ ಮನೆಯು ಸೋರುವುದು. ಹುಲ್ಲು ಮಾಡಿಗಂತೂ ಬೆಂಕಿಯ ಭಯವು ತಪ್ಪಿದ್ದಲ್ಲ. ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ಹೊಸ ಬಗೆಯ ಹಂಚಿಗೆ ಹಕ್ಕುಪತ್ರವನ್ನು ಪಡೆದಿದ್ದರು. ಅದರ ಅಂಚಿನ ಏಣು ಪಕ್ಕದ ಹಂಚಿನ ಗಾಡಿಯಲ್ಲಿ ಕೂಡುವುದು, ಒಂದನ್ನೊಂದು ಹಿಡಿದುಕೊಳ್ಳುವುದು, ಕಡಮೆ ಹಂಚಿನಿಂದ, ಕಡಮೆ ಮರದಿಂದ, ಹೆಚ್ಚು ಮನೆಯು ಮುಚ್ಚುವುದು. ಪ್ಲೆಬ್ಸ್ಟರು ಯುರೋಪಿನಲ್ಲಿ ಈ ವಿದ್ಯೆಯನ್ನು ಅಭ್ಯಾಸ ಮಾಡಿಕೊಂಡರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಅದಕ್ಕೆ ತಕ್ಕುದೆಂದು ಮನಗಂಡರು.

ವಿದ್ಯೆಯುಂಟು, ಮಣ್ಣುಂಟು, ಭಾಂಡವಲು ಎಲ್ಲಿಂದ? ನಮ್ಮ ಭಾಷೆಯಲ್ಲಿ ಭಾಂಡವೆಂದರೆ ಮಡಕೆಯೂ ಹೌದು, ವರ್ತಕನ ಮೂಲದ್ರವ್ಯವೂ ಹೌದು. ಮಡಕೆಯ ಉದ್ಯಮದಲ್ಲಿ ಈ ಎರಡನ್ನೂ ಕೂಡಿಸುವುದೇ ಕಠಿನ. ಇಲ್ಲಿ ಬಾಸೆಲ್ಲಿನವರು ಮಾಡಿದ ವ್ಯವಸ್ಥೆಯನ್ನು ನಮ್ಮ ವಾಚಕರು ಲಕ್ಷ್ಯಪೂರ್ವಕವಾಗಿ ಗಮನಿಸಬೇಕು. ಧರ್ಮಕಾರ್ಯದ ಕಾಣಿಕೆಯ ಹಣವನ್ನು ವ್ಯಾಪಾರದಲ್ಲಿ ತೊಡಗಿಸುವುದು ಯುಕ್ತವೇ ಎಂಬ ಸಂಶಯವು ಮಿಶನ್ನಿನ ಹಿರಿಯರಲ್ಲಿ ಬಲವಾಗಿದ್ದಿತು. ಆದುದರಿಂದ ಉದ್ಯೋಗಗಳನ್ನು ನೋಡಿಕೊಳ್ಳಲು ಒಂದು ಬೇರೆ ಸಮಿತಿಯೂ, 1859ರಲ್ಲಿ ವ್ಯಾಪಾರಕ್ಕಾಗಿ ಒಂದು ಬೇರೆ ಷೇರು ಕಂಪನಿಯೂ ಏರ್ಪಟ್ಟವು; ಮುಂದೆ ಇವೆರಡೂ ಒಂದಾದವು. ಬಾಸೆಲ್ಲಿನ ರೇಷ್ಮೆಪಟ್ಟಿಯ ಕಾರಖಾನೆದಾರರಾದ ಕಾರ್ಲ್ ಸಾರಾಸಿನ್ನರಂಥ ಗಣ್ಯರು ಇದಕ್ಕೆ ಮುಂದಾಳಾದರು. ಷೇರು ಕೊಂಡವರಿಗೆ ಸಿಗುವ ಲಾಭಾಂಶಕ್ಕೆ ಮಿತಿಯನ್ನು ಹಾಕಲಾಯಿತು. ಅದಕ್ಕೆ ಮೀರಿದ ಗಳಿಕೆಯು ಮಿಶನ್ನಿನ ಕಾರ್ಯಕ್ಕೆ ಸಲ್ಲಬೇಕೆಂದು ಕಟ್ಟಳೆಯಾಯಿತು.

ಅತಿಲಾಭದ ಆಸೆಯನ್ನು ತೋರಿಸದೆ ಹಣವನ್ನು ಹೇಗೆ ಕೂಡಿಸಿದರು? ಉತ್ತರವು ಸರಳವಾಗಿದೆ. ಹಣ ಕೊಟ್ಟವರು ಮುಂದಾಳುಗಳನ್ನು ಮುಖತಃ ಬಲ್ಲವರು. ಲೆಕ್ಕವು ಒಪ್ಪವಾಗಿರುವುದೆಂಬ ನಂಬಿಗೆಯು ಅವರಿಗಿದ್ದಿತು. ತಮ್ಮ ಹಣವು ತಾವು ಮೆಚ್ಚಿದ ಉದ್ದೇಶಕ್ಕೆ ಹೋಗುವುದೆಂಬ ತೃಪ್ತಿಯೂ ಇದ್ದಿತು. ಬೇಗ ಬೆಳೆಯದಿದ್ದರೂ ಕಾದು ಕುಳಿತಿರುವ ಹಣವು ಇಂಥದು. ಹೊಸ ಉದ್ಯಮಕ್ಕೆ ಬೇಕಾದುದು ಈ ತಾಳ್ಮೆಯ ಹಣವೇ.

1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ, ಪ್ಲೆಬ್ಸ್ಟರ ಕಾರಖಾನೆಯು ಆರಂಭವಾಯಿತು. ಅಂದಿನ ಸಲಕರಣೆಯನ್ನು ಕೇಳಿದರೆ ಇಂದಿನವರು ನಗಬಹುದು: ಇಬ್ಬರು ಆಳುಗಳು, ಒಂದು ಜೋಡಿ ಎತ್ತು, ದಿನಕ್ಕೆ 360 ಹಂಚು. ನದಿಯ ಬಯಲಿನಲ್ಲಿ ಅಗೆದ ಮಣ್ಣನ್ನು ಕಲ್ಲು ಬೇರುಗಳಿಲ್ಲದಂತೆ ಆರಿಸಿ, ನೀರಿನಲ್ಲಿ ನೆನೆಯಿಸಿ, ಗಾಣದಲ್ಲಿ ಅರೆದು ಹದಗೊಳಿಸಬೇಕು. ಹಲಗೆಗಳಂತೆ ಕತ್ತರಿಸಿ, ಅಚ್ಚಿನಲ್ಲಿಟ್ಟು ಒತ್ತಬೇಕು. ಅಂಚನ್ನು ಸವರಿ, ನೆರಳಿನಲ್ಲಿ ದಿನಗಟ್ಟಲೆ ಒಣಗಿಸಬೇಕು. ಬಿಸಿಲು ತಗಲಿದರೆ ಸೊಟ್ಟಗಾಗುವುದು. ಆಮೇಲೆ ಭಟ್ಟಿಯಲ್ಲಿ ಸುಡುವುದು. ಬೆಂಕಿಯು ಕಡಮೆಯಾದರೆ ಹಂಚು ನೀರು ಕುಡಿಯುವುದು, ಮಿತಿಮೀರಿದರೆ ಕರಗಿ ವಕ್ರವಾಗುವುದು. ಇದನ್ನೆಲ್ಲ ಕಣ್ಣಳತೆಗೆ ಬಿಡದೆ ಒಂದು ಕ್ರಮಕ್ಕೆ ತಂದುದೇ ಪ್ಲೆಬ್ಸ್ಟರ ಸಾಧನೆಯು.

ಅದೇ 1865ರಲ್ಲಿ ನಮ್ಮ ಮುಂಬಯಿ ಇಲಾಖೆಯಲ್ಲಿ ನಡೆದುದೇನು? ಅಮೇರಿಕೆಯ ಅಂತರ್ಯುದ್ಧದಿಂದ 1861ರ ತರುವಾಯ ಹಿಂದುಸ್ಥಾನದ ಹತ್ತಿಗೆ ಚಿನ್ನದ ಬೆಲೆಯು ಬಂದಿದ್ದಿತು. ಧಾರವಾಡ ಸೀಮೆಯ ಹತ್ತಿಯು ಕುಮಟೆಯ ಬಂದರದಿಂದ ಮುಂಬಯಿಗೆ ಸಾಗುತ್ತಿತ್ತು. ನಮ್ಮ ಒಕ್ಕಲಿಗರ ಕೈಗೆ ಹಿಂದೆಂದೂ ಕಾಣದ ಬೆಳ್ಳಿಯು ಬಂದಿತು. ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿಯನ್ನು ಹೊಡೆಯಿಸಿದವರೂ ಇದ್ದರೆಂದು ಹೇಳುವ ಮಾತುಂಟು. ಮುಂಬಯಿಯಲ್ಲಿ ಸಮುದ್ರವನ್ನು ತುಂಬಿಸಿ ನೆಲ ಮಾಡುವ ಕಂಪನಿಗಳ ಷೇರುಗಳಿಗಾಗಿ ಜನರು ಮುಗಿಬಿದ್ದರು. ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಷೇರು 50,000ದ ವರೆಗೆ ಏರಿತು. ಅಮೇರಿಕೆಯ ಯುದ್ಧವು ನಿಂತೊಡನೆ ಹತ್ತಿಯ ಬೆಲೆಯು ಕುಸಿಯಿತು, ಷೇರುಗಳು ರದ್ದಿ ಕಾಗದಗಳಾದವು, ಮನೆತನಗಳು ಮುಳುಗಿದವು. ಹೂಡಿದ ಹಣಕ್ಕೆ ಮಾತ್ರ ಹೊಣೆಯಾಗುವ ಕಂಪನಿಯನ್ನು ಕಟ್ಟಲು 1857ರಿಂದಲೇ ಈ ದೇಶದಲ್ಲಿ ಕಾಯದೆಯಿದ್ದಿತು, ಹಣವೂ ಇದ್ದಿತು. ಇಲ್ಲದುದು ವಿವೇಕವು. ಲಕ್ಷಗಟ್ಟಲೆ ಹಣವು ಮುಂಬಯಿಯ ಕೆಸರಿನಲ್ಲಿ ಹೂತುಹೋದ ವರ್ಷದಲ್ಲಿಯೇ ಇಬ್ಬರು ಆಳುಗಳ ಒಂದು ಕಾರಖಾನೆಯು ಮಂಗಳೂರಿನ ಕೆಸರಿನಿಂದ ಚಿನ್ನವನ್ನು ತೆಗೆಯತೊಡಗಿತು.

ಕಾರಖಾನೆಯು ಬೆಳೆಯಿತು. ಎತ್ತಿನ ಗಾಣದ ಸ್ಥಳಕ್ಕೆ ಉಗಿಯಂತ್ರವು ಬಂದಿತು. ಮಂಗಳೂರಿನ ಕುದ್ರೋಳಿ, ಉಡುಪಿಯ ಬಳಿಯ ಮಲ್ಪೆ, ಮಲಬಾರದ ಕಲ್ಲಿಕೋಟೆ ಮುಂತಾದೆಡೆಗಳಲ್ಲಿ ಮಿಶನ್ನಿನ ಹಂಚಿನ ಕಾರಖಾನೆಗಳು ಎದ್ದವು. ರೈಲು ನಿಲ್ದಾಣಗಳೂ, ಸರಕಾರಿ ಕಚೇರಿಗಳೂ, ಶಾಲೆಗಳೂ ಈ ಹಂಚನ್ನು ಹೊದ್ದವು. ಸಿಂಹಳಕ್ಕೂ, ಬ್ರಹ್ಮದೇಶಕ್ಕೂ, ಪೂರ್ವ ಆಫ್ರಿಕೆಗೂ ಅದು ಹಡಗೇರಿತು. ಮಂಗಳೂರಿನ ದೇಶೀಯ ವರ್ತಕರೂ ಈ ವಿದ್ಯೆಯನ್ನು ಕಲಿತು ಸ್ವಂತ ಕಾರಖಾನೆಗಳನ್ನು ಹೂಡಿ ಮಿಶನ್ನಿಗೆ ಪ್ರತಿಸ್ಪರ್ಧಿಗಳಾದರು. 1888ರಲ್ಲಿ ಪ್ಲೆಬ್ಸ್ಟರು ಕಾಲವಶರಾಗುವಷ್ಟರಲ್ಲಿ ಮಂಗಳೂರೆಂಬ ಹೆಸರೇ ಒಂದು ಬಗೆಯ ಹಂಚಿನ ಹೆಸರಾಗಿದ್ದಿತು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. ಕಾರಖಾನೆಯ ಕೆಲಸವು ಮತಪ್ರಚಾರಕ್ಕೆ ಆಸರೆಯಾಗಿದ್ದಿತು. ಗಳಿಕೆಯ ಲೆಕ್ಕವು ಬಾಸೆಲ್ಲಿನಲ್ಲಿ ನಿರ್ಣಯವಾಗುತ್ತಿದ್ದಿತು. ದುಡಿದ ಕೈಗೆ ಕೂಲಿಯು ದೊರೆಯಿತೇ ಹೊರತು ಪಾಲು ದೊರೆಯಲಿಲ್ಲ. ನಾಡಹಂಚನ್ನು ಮಾಡುತ್ತಿದ್ದ ಹಳ್ಳಿಯ ಕುಂಬಾರನ ಗಿರಾಕಿಯು ತಪ್ಪಿದನು. ಅವನನ್ನು ಹೊಸ ವಿದ್ಯೆಗೆ ಕರೆದೊಯ್ಯುವವರು ಯಾರೂ ಇರಲಿಲ್ಲ. ಪರದೇಶದ ಒಡೆತನದ ಉದ್ಯಮವು ಪರದೇಶದ ರಾಜಕಾರಣಕ್ಕೆ ಬಲಿಯಾಗುವುದೆಂಬುದೂ ಬೇಗನೆ ಸಿದ್ಧವಾಯಿತು. 1914ರಲ್ಲಿ ಮಹಾಯುದ್ಧವು ಹತ್ತಿದಾಗ ಜರ್ಮನ್ ಕಾರ್ಯಕರ್ತರು ಸೆರೆಯಾದರು. ಕಾರಖಾನೆಗಳನ್ನು ಸರಕಾರವು ವಶಪಡಿಸಿಕೊಂಡಿತು. 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯು ಹುಟ್ಟಿ ಅವುಗಳಿಗೆ ಒಡೆಯನಾಯಿತು. ಅರ್ಧ ಶತಮಾನದಿಂದ ಬೆವರು ಸುರಿಸಿದ ತುಳುನಾಡಿನ, ಮಲಬಾರದ ಕೆಲಸಗಾರರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆದರೂ ಪಾಠವು ವ್ಯರ್ಥವಾಗಲಿಲ್ಲ. 1906ರಲ್ಲಿ ಅದೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದು ಪರ್ಮನೆಂಟ್ ಫಂಡನ್ನು ಸ್ಥಾಪಿಸಿ, ಸಾಮಾನ್ಯ ಗೃಹಸ್ಥರ ಸಣ್ಣ ಉಳಿತಾಯವನ್ನು ಒಂದೆಡೆ ಕೂಡಿಸಿದರು. ಅದು ಮುಂದೆ ಕೆನರಾ ಬ್ಯಾಂಕಾಗಿ ಬೆಳೆಯಿತು. ಮಹಾರಾಷ್ಟ್ರದಲ್ಲಿ ಅಂತಾಜಿ ದಾಮೋದರ ಕಾಳೆಯವರು ಪೈಸಾ ಫಂಡಿನ ಹಣದಿಂದ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರಖಾನೆಯನ್ನು ಎಬ್ಬಿಸಿದರು. ಬಾಸೆಲ್ಲಿನವರಿಗೆ ಮಿಶನ್ನು ಮಾಡಿದ ಕೆಲಸವನ್ನು ಇಲ್ಲಿ ಸ್ವದೇಶಿಯ ಶ್ರದ್ಧೆಯು ಮಾಡಿತು: ಪರಿಚಿತರಾದ ಮುಂದಾಳು, ಮುಚ್ಚುಮರೆಯಿಲ್ಲದ ಲೆಕ್ಕ, ಮಿತವಾದ ಆಸೆ.

ಸಿಮೆಂಟಿನ ಚಾವಣಿಯೂ ತಗಡೂ ಬಂದ ಮೇಲೆ ಮಂಗಳೂರಿನ ಹಂಚಿನ ಕಾರಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತ ಬಂದಿವೆ. ಯಾವ ಉದ್ಯಮವೂ ಚಿರಂಜೀವಿಯಲ್ಲ. ಆದರೆ ಉದ್ಯಮವನ್ನು ಕಟ್ಟುವ ರೀತಿಯು ಮುಪ್ಪಾಗುವುದಿಲ್ಲ. ಹೆಚ್ಚು ಬಡ್ಡಿಯ ಆಸೆಗೆ ಬಿದ್ದು ಅಪರಿಚಿತರ ಕೈಗೆ ಗಂಟನ್ನು ಒಪ್ಪಿಸಿ ಗೋಳಾಡುವವರು 1865ರಲ್ಲಿ ಇದ್ದಂತೆ ಇಂದೂ ಇದ್ದಾರೆ. ಅವರ ಹಣದಲ್ಲಿ ಒಂದು ಅಂಶವಾದರೂ ತಮ್ಮ ಊರಿನ ಕಸುಬುದಾರನ ಕೈ ಸೇರಿದರೆ, ಅವನನ್ನು ಕೂಲಿಯವನನ್ನಾಗಿ ಅಲ್ಲ, ಪಾಲುದಾರನನ್ನಾಗಿ ಕೂಡಿಸಿಕೊಂಡರೆ, ಪ್ಲೆಬ್ಸ್ಟರು ಮಾಡಿದುದಕ್ಕಿಂತ ಹೆಚ್ಚಿನದು ಆದೀತು. ಅಬಲೂರಿನ ತಿಗರಿಯು ಕವಿಯನ್ನು ಕೊಟ್ಟಿತು. ಅದನ್ನು ತಿರುಗಿಸುವವನಿಗೆ ಕೈಯಾಸರೆಯನ್ನು ಕೊಡುವ ಋಣವು ನಮ್ಮ ಮೇಲೆ ಉಳಿದಿದೆ.