ಕ್ರಿಸ್ಟೋಫರ್ ಕ್ಲೇಟನ್ ಹಟನ್

ಕ್ರಿಸ್ಟೋಫರ್ ವಿಲಿಯಂ ಕ್ಲೇಟನ್ ಹಟನ್ (1893–1965) ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಎಂಐ9 ಎಂಬ ಗುಪ್ತ ವಿಭಾಗದ ತಾಂತ್ರಿಕ ಅಧಿಕಾರಿಯಾಗಿದ್ದರು. ಶತ್ರುನೆಲದಲ್ಲಿ ವಿಮಾನ ಕಳೆದುಕೊಂಡ ವೈಮಾನಿಕರು ಸೆರೆಸಿಕ್ಕದೆ ಸ್ವದೇಶಕ್ಕೆ ಮರಳಲು ನೆರವಾದ ರೇಷ್ಮೆ ನಕ್ಷೆ, ಗುಂಡಿಯೊಳಗಿನ ದಿಕ್ಸೂಚಿ, ಆಹಾರದ ಕಿರುಪೆಟ್ಟಿಗೆ, ರೂಪ ಬದಲಿಸಬಲ್ಲ ಬೂಟು ಮುಂತಾದವುಗಳ ಹಿಂದೆ ಇವರ ಕಲ್ಪನೆ ಮತ್ತು ಹಟ ಎರಡೂ ಇದ್ದವು. ಸಹೋದ್ಯೋಗಿಗಳ ನಡುವೆ ಇವರು ಕ್ಲಟಿ ಎಂಬ ಅಡ್ಡಹೆಸರಿನಿಂದ ಪರಿಚಿತರಾಗಿದ್ದರು.

ಆರಂಭಿಕ ಜೀವನ

ಹಟನ್ 1893ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರಿಗೆ ಜಾದೂಗಾರಿಕೆಯಲ್ಲಿ ಅಪಾರ ಆಸಕ್ತಿಯಿತ್ತು. 1913ರಲ್ಲಿ ಬಿಡುಗಡೆಯ ಚಮತ್ಕಾರಗಳಿಗೆ ಹೆಸರಾದ ಹ್ಯಾರಿ ಹೂಡಿನಿ ಬರ್ಮಿಂಗ್‌ಹ್ಯಾಮ್‌ಗೆ ಬಂದಾಗ, ತಮ್ಮ ಸಂಬಂಧಿಕರ ಮರದ ಕಾರ್ಖಾನೆಯಲ್ಲಿ ಮಾಡಿಸಿದ ಪೆಟ್ಟಿಗೆಯಿಂದ ಹೊರಬರುವಂತೆ ಯುವಕ ಹಟನ್ ಅವರಿಗೆ ಸವಾಲು ಹಾಕಿದರು. ಹೂಡಿನಿ ಸವಾಲನ್ನು ಒಪ್ಪಿದರು, ಗೆದ್ದರು. ಪೆಟ್ಟಿಗೆ ಮಾಡಿದ ಬಡಗಿಗೆ ಅವರು ಮೊದಲೇ ಮೂರು ಪೌಂಡ್ ಲಂಚ ಕೊಟ್ಟು ಮೊಳೆಗಳಲ್ಲಿ ಕೈಚಳಕ ನಡೆಸಿದ್ದರೆಂಬುದು ಹಟನ್ ಅವರಿಗೆ ಆಮೇಲೆ ತಿಳಿಯಿತು. ಬಿಡುಗಡೆಯ ಉಪಾಯ ಬಂಧನಕ್ಕೆ ಮುಂಚೆಯೇ ಸಿದ್ಧವಾಗಿರಬೇಕು ಎಂಬ ಈ ತಿಳಿವಳಿಕೆಯೇ ಅವರ ಮುಂದಿನ ಕೆಲಸಗಳ ತಳಹದಿಯಾಯಿತೆನ್ನಬಹುದು.

ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಹಟನ್, ಅನಂತರ ಪತ್ರಿಕೋದ್ಯಮದಲ್ಲಿಯೂ ಚಲನಚಿತ್ರಗಳ ಪ್ರಚಾರಕಾರ್ಯದಲ್ಲಿಯೂ ತೊಡಗಿದ್ದರು.

ಎಂಐ9 ಸೇರ್ಪಡೆ

ಯುದ್ಧಕೈದಿಗಳ ಪಲಾಯನಕ್ಕೂ, ಶತ್ರುವಿನ ಕೈಗೆ ಸಿಕ್ಕದೆ ಅಡಗಿ ಬರುವವರಿಗೂ ನೆರವು ನೀಡುವ ಉದ್ದೇಶದಿಂದ 1939ರ ಡಿಸೆಂಬರಿನಲ್ಲಿ ಎಂಐ9 ಸ್ಥಾಪನೆಯಾಯಿತು. ಅದರ ಮುಖ್ಯಸ್ಥರು ನಾರ್ಮನ್ ಕ್ರಾಕೆಟ್. ವಯಸ್ಸು ಮೀರಿದ್ದ ಹಟನ್ ಅವರ ಪಾಲಿಗೆ ಹೂಡಿನಿಯ ಪ್ರಸಂಗವೇ ಅರ್ಹತಾಪತ್ರವಾಯಿತು.

ಕೆಲಸಕ್ಕೆ ಸೇರಿದೊಡನೆ ಅವರು ಯಂತ್ರೋಪಕರಣಗಳತ್ತ ಹೋಗದೆ ಪುಸ್ತಕಗಳತ್ತ ಹೋದರು. ಮೊದಲ ಮಹಾಯುದ್ಧದಲ್ಲಿ ಸೆರೆಯಿಂದ ತಪ್ಪಿಸಿಕೊಂಡವರು ಬರೆದಿದ್ದ ಅನುಭವಕಥನಗಳನ್ನು ಕಲೆಹಾಕಿ, ಅವುಗಳನ್ನು ಓದಿ ಸಾರಾಂಶ ಸಿದ್ಧಪಡಿಸುವ ಕೆಲಸವನ್ನು ರಗ್ಬಿ ಶಾಲೆಯ ಹಿರಿಯ ವಿದ್ಯಾರ್ಥಿಗಳಿಗೆ ವಹಿಸಿದರು. ತಪ್ಪಿಸಿಕೊಂಡವನಿಗೆ ಎಲ್ಲಕ್ಕಿಂತ ಮೊದಲು ಬೇಕಾದವು ನಕ್ಷೆ, ದಿಕ್ಸೂಚಿ ಮತ್ತು ಹಗುರವಾದ ಆಹಾರ ಎಂಬುದು ಇದರಿಂದ ಖಚಿತವಾಯಿತು.

ನಕ್ಷೆ ಮತ್ತು ದಿಕ್ಸೂಚಿ

ಕಾಗದದ ನಕ್ಷೆ ಮಡಿಕೆಗಳಲ್ಲಿ ಹರಿಯುತ್ತದೆ, ನೆನೆದರೆ ಹಾಳಾಗುತ್ತದೆ, ಮೈತಪಾಸಣೆಯ ವೇಳೆ ಸರಸರ ಸದ್ದು ಮಾಡುತ್ತದೆ. ಆದ್ದರಿಂದ ಹಟನ್ ರೇಷ್ಮೆಯನ್ನು ಆರಿಸಿಕೊಂಡರು. ಎಡಿನ್‌ಬರೋದ ಬಾರ್ತಲೊಮ್ಯೂ ಸಂಸ್ಥೆ ತನ್ನ ನಕ್ಷೆಗಳನ್ನು ಹಕ್ಕುಸ್ವಾಮ್ಯದ ಶುಲ್ಕವಿಲ್ಲದೆ ಒದಗಿಸಿತು. ಆದರೆ ಬಟ್ಟೆಯ ಮೇಲೆ ಶಾಯಿ ಹರಡಿ ಊರುಗಳ ಹೆಸರು ಓದಲಾಗುತ್ತಿರಲಿಲ್ಲ. ಹಣ್ಣಿನ ಜಾಮ್ ಗಟ್ಟಿಯಾಗಲು ಬಳಸುವ ಪೆಕ್ಟಿನ್ನನ್ನು ಶಾಯಿಗೆ ಬೆರೆಸಿದಾಗ ಗೆರೆಗಳು ಸ್ಫುಟವಾಗಿ ಮೂಡಿದವು. ಮುದ್ರಣದಲ್ಲಿ ಲೀಡ್ಸ್ ನಗರದ ವಾಡಿಂಗ್‌ಟನ್ ಸಂಸ್ಥೆಯ ಪಾತ್ರ ದೊಡ್ಡದು. ಮುಂದೆ ರೇಷ್ಮೆಯ ಕೊರತೆಯಿಂದಾಗಿ ರೇಯಾನ್ ಬಳಕೆಗೆ ಬಂದಿತು. ಹಿಪ್ಪುನೇರಳೆ ಜಾತಿಯ ಮರದ ನಾರಿನಿಂದ ತಯಾರಾದ, ಮುದ್ದೆ ಮಾಡಿದರೂ ಮತ್ತೆ ಬಿಡಿಸಬಹುದಾದ ತೆಳುಕಾಗದದ ಮೇಲೂ ನಕ್ಷೆಗಳು ಅಚ್ಚಾದವು.

ದಿಕ್ಸೂಚಿಗಳನ್ನು ಲಂಡನ್ನಿನ ಬ್ಲಂಟ್ ಸಹೋದರರ ಕಾರ್ಖಾನೆ ತಯಾರಿಸಿಕೊಟ್ಟಿತು. ಇವು ಸಮವಸ್ತ್ರದ ಗುಂಡಿಯಲ್ಲಿಯೂ ಕಾಲರಿನ ಗುಬುಟಿನಲ್ಲಿಯೂ ಅಡಗುವಷ್ಟು ಚಿಕ್ಕವು. ಪೆನ್ಸಿಲಿನ ಕ್ಲಿಪ್ಪು, ಕ್ಷೌರದ ಬ್ಲೇಡುಗಳಿಗೂ ಕಾಂತತ್ವ ನೀಡಲಾಗುತ್ತಿತ್ತು. ದಾರದಲ್ಲಿ ತೂಗಿಬಿಟ್ಟರೆ ಅವು ಉತ್ತರಕ್ಕೆ ತಿರುಗುತ್ತಿದ್ದವು. ಜರ್ಮನ್ನರು ಗುಂಡಿಗಳನ್ನು ತಿರುಗಿಸಿ ನೋಡತೊಡಗಿದಾಗ ಹಟನ್ ತಿರುಪಿನ ದಿಕ್ಕನ್ನೇ ಬದಲಿಸಿದರು. ಆಮೇಲೆ ರೂಢಿಯಂತೆ ಬಿಚ್ಚಲು ಹೋದವರ ಕೈಯಲ್ಲಿ ಗುಂಡಿ ಮತ್ತಷ್ಟು ಬಿಗಿಯಾಗುತ್ತಿತ್ತು.

ಕಿರುಪೆಟ್ಟಿಗೆ ಮತ್ತು ಬೂಟು

ಮೊದಲ ಪೆಟ್ಟಿಗೆಗಳು ಐವತ್ತು ಸಿಗರೇಟುಗಳ ಚಪ್ಪಟೆ ತಗಡಿನ ಡಬ್ಬಿಗಳು. ಜೇಬಿನಲ್ಲಿ ಹಿಡಿಸುವ ಆ ಡಬ್ಬಿಯೊಳಗೆ ಮಾಲ್ಟ್ ಹಾಲಿನ ಮಾತ್ರೆ, ಮಿಠಾಯಿ, ಚಾಕೊಲೇಟು, ನಿದ್ದೆ ತಡೆಯುವ ಬೆಂಜಡ್ರಿನ್ ಮಾತ್ರೆ, ನೀರು ಶುದ್ಧಿಗೆ ಹ್ಯಾಲಜೋನ್, ಮಡಚಿಟ್ಟ ರಬ್ಬರಿನ ನೀರಿನ ಚೀಲ, ಸೂಜಿ-ದಾರಗಳನ್ನು ಜೋಡಿಸಲಾಗುತ್ತಿತ್ತು. ಈ ಜೋಡಣೆ ಲೆಕ್ಕಾಚಾರದ ಕೆಲಸವಾಗಿತ್ತು. ಒಂದು ವಸ್ತು ಹೆಚ್ಚಾದರೆ ಇನ್ನೊಂದನ್ನು ಬಿಡಬೇಕಿತ್ತು. ವಿಮಾನದಿಂದ ಧುಮುಕಿದವನಿಗೆ ಮೊದಲ ಕೆಲವು ದಿನ ಜನವಸತಿಯ ಬಳಿ ಸುಳಿಯದೆ ಅಡಗಿರಲು ಸಾಕಾಗಬೇಕೆಂಬುದೇ ಅಳತೆಗೋಲು. ತಗಡಿನ ಡಬ್ಬಿಗೆ ನೀರು ನುಗ್ಗುತ್ತದೆಂದು ಕಂಡುಬಂದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ ಬಂದಿತು. ನಕ್ಷೆ, ವಿದೇಶಿ ಹಣ ಮತ್ತು ಗರಗಸದ ಅಲಗುಳ್ಳ ಇನ್ನೊಂದು ಚೀಲವನ್ನು ಹಾರಾಟಕ್ಕೆ ಮುನ್ನ ಕೊಟ್ಟು, ಹಿಂತಿರುಗಿದ ಮೇಲೆ ಮರಳಿ ಪಡೆಯಲಾಗುತ್ತಿತ್ತು.

ವೈಮಾನಿಕರ ಉಣ್ಣೆಯ ಒಳಪದರದ ಎತ್ತರದ ಬೂಟುಗಳು ಹಳ್ಳಿಯ ರಸ್ತೆಯಲ್ಲಿ ದೂರದಿಂದಲೇ ಗುಟ್ಟು ರಟ್ಟು ಮಾಡುತ್ತಿದ್ದವು. ಬಹುದೂರ ನಡೆಯಲೂ ಅವು ತಕ್ಕುವಾಗಿರಲಿಲ್ಲ. 1943ರ ಮಾದರಿಯ ಬೂಟಿನಲ್ಲಿ ಕೆಳಭಾಗ ಸಾಮಾನ್ಯ ಕಪ್ಪು ಷೂ ಆಗಿತ್ತು. ಒಳಗೆ ಸಿಕ್ಕಿಸಿದ್ದ ಪುಟ್ಟ ಚಾಕುವಿನಿಂದ ಮೇಲ್ಭಾಗವನ್ನು ಕತ್ತರಿಸಿ ಬಿಸುಟರೆ ನಾಗರಿಕರ ಪಾದರಕ್ಷೆಯೇ ಉಳಿಯುತ್ತಿತ್ತು.

ಶಿಬಿರಗಳಲ್ಲಿದ್ದ ಯುದ್ಧಕೈದಿಗಳಿಗೆ ಚದುರಂಗದ ಮಣೆ, ಗ್ರಾಮಫೋನ್ ತಟ್ಟೆ, ಇಸ್ಪೀಟು ಎಲೆಗಳಲ್ಲಿ ಇಂಥ ವಸ್ತುಗಳನ್ನು ಅಡಗಿಸಿ, ಹೆಸರಿಗಷ್ಟೇ ಇದ್ದ ದತ್ತಿಸಂಸ್ಥೆಗಳ ಮೂಲಕ ಕಳುಹಿಸಲಾಯಿತು. ರೆಡ್ ಕ್ರಾಸ್‌ನ ಆಹಾರದ ಪೊಟ್ಟಣಗಳನ್ನು ಮಾತ್ರ ಇದಕ್ಕೆ ಬಳಸಲಿಲ್ಲ. ಸಿಕ್ಕಿಬಿದ್ದರೆ ಸಾವಿರಾರು ಕೈದಿಗಳ ಊಟಕ್ಕೇ ಕುತ್ತು ಬರುತ್ತಿತ್ತು.

ಮೇಲಧಿಕಾರಿಗಳೊಡನೆ ಸಂಬಂಧ

ಹಟನ್ ಶಿಸ್ತಿಗೆ ಒಗ್ಗಿದವರಲ್ಲ. ಅನುಮತಿಗೆ ಕಾಯದೆ ಕಾರ್ಖಾನೆಗಳಿಗೆ ನೇರವಾಗಿ ಹೋಗಿ, ಸಾಮಗ್ರಿ ಮಾಡಿಸಿ, ಆಮೇಲೆ ಲೆಕ್ಕ ಒಪ್ಪಿಸುವುದು ಅವರ ಪದ್ಧತಿ. ಇದರಿಂದ ತಕರಾರುಗಳು ತಪ್ಪುತ್ತಿರಲಿಲ್ಲ. ಈ ಅಧಿಕಾರಿ ವಿಲಕ್ಷಣ ಸ್ವಭಾವದವರು, ಸಾಮಾನ್ಯ ನಿಯಮಗಳಿಗೆ ಬದ್ಧರಾಗಿರುವರೆಂದು ನಿರೀಕ್ಷಿಸುವಂತಿಲ್ಲ, ಆದರೆ ಅವರ ಸೇವೆಯನ್ನು ಕಳೆದುಕೊಳ್ಳುವಂತೆಯೂ ಇಲ್ಲ ಎಂಬ ಅರ್ಥದ ಪತ್ರವನ್ನು ಕ್ರಾಕೆಟ್ ಬರೆಯಬೇಕಾಯಿತು. ಅಮೆರಿಕ 1942ರಲ್ಲಿ ವರ್ಜೀನಿಯಾದ ಫೋರ್ಟ್ ಹಂಟ್‌ನಲ್ಲಿ ಎಂಐಎಸ್-ಎಕ್ಸ್ ಎಂಬ ವಿಭಾಗವನ್ನು ತೆರೆದಾಗ ಎಂಐ9ರ ಅನುಭವವೇ ಅದಕ್ಕೆ ಮಾದರಿಯಾಯಿತು.

ಯುದ್ಧಾನಂತರ

ತಮ್ಮ ಕೆಲಸದ ಕಥೆಯನ್ನು ಪ್ರಕಟಿಸಲು ಹೊರಟ ಹಟನ್ ಅವರಿಗೆ ಸರ್ಕಾರ ಅಡ್ಡಿಪಡಿಸಿತು. ಅಧಿಕೃತ ರಹಸ್ಯ ಕಾಯಿದೆಯ ಬೆದರಿಕೆಯೂ ಬಂದಿತು. ದೀರ್ಘಕಾಲದ ಜಗ್ಗಾಟದ ಬಳಿಕ 1960ರಲ್ಲಿ ಅವರ ಆತ್ಮಕಥನ ಅಫಿಶಿಯಲ್ ಸೀಕ್ರೆಟ್ ಪ್ರಕಟವಾಯಿತು. ಕೊನೆಯ ವರ್ಷಗಳನ್ನು ಡೆವನ್ ಪ್ರಾಂತದ ಆಶ್‌ಬರ್ಟನ್‌ನಲ್ಲಿ ಕಳೆದ ಅವರು 1965ರಲ್ಲಿ ನಿಧನರಾದರು.

ಸಂಗ್ರಹಗಳಲ್ಲಿ

ಹಟನ್ ಕಾಲದ ಪಲಾಯನ ಸಾಮಗ್ರಿಗಳು ಇಂದು ಲಂಡನ್ನಿನ ಇಂಪೀರಿಯಲ್ ಯುದ್ಧ ವಸ್ತುಸಂಗ್ರಹಾಲಯದಲ್ಲಿಯೂ ಖಾಸಗಿ ಸಂಗ್ರಾಹಕರ ಬಳಿಯೂ ಇವೆ. ಎರಡೂ ಬದಿ ಮುದ್ರಿತವಾದ 43ನೆಯ ಸರಣಿಯ ಯುರೋಪಿನ ನಕ್ಷೆಗಳು ಮತ್ತು ಬರ್ಮಾ ಹಾಗೂ ಅದರ ನೆರೆಯ ದೇಶಗಳನ್ನು ಒಳಗೊಂಡ 44ನೆಯ ಸರಣಿಯ ನಕ್ಷೆಗಳು ಸಂಗ್ರಾಹಕರಿಗೆ ಚಿರಪರಿಚಿತ. ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರವಿದ್ದುದರಿಂದ ಉಳಿದ ಬಟ್ಟೆಯ ನಕ್ಷೆಗಳನ್ನು ಉಡುಪುಗಳಾಗಿ ಹೊಲಿದುಕೊಂಡವರೂ ಉಂಟು. ಪೆಟ್ಟಿಗೆಗಳನ್ನು ಪೂರ್ಣರೂಪದಲ್ಲಿ ಮತ್ತೆ ಜೋಡಿಸುವುದು ಕಷ್ಟ: ಒಳಗಿದ್ದುದು ತಿಂದು ಮುಗಿಸುವ ವಸ್ತು. 1943ರ ಬೂಟುಗಳ ವಿಷಯದಲ್ಲಿಯೂ ಅಷ್ಟೆ. ಸಂಗ್ರಾಹಕರು ಹುಡುಕುವುದು ಮೇಲ್ಭಾಗ ಕತ್ತರಿಸದೆ ಉಳಿದ ಜೋಡಿಯನ್ನು, ಎಂದರೆ ಯಾವ ಉದ್ದೇಶಕ್ಕೆ ತಯಾರಾಯಿತೋ ಆ ಉದ್ದೇಶಕ್ಕೆ ಎಂದೂ ಬಳಕೆಯಾಗದ ಜೋಡಿಯನ್ನು.