ರೈಸ್ ಮಹಾಶಯರ ಋಣ

2008ನೆಯ ಇಸವಿಯಲ್ಲಿ ಕನ್ನಡವು ಶಾಸ್ತ್ರೀಯ ಭಾಷೆಯೆಂದು ಕೇಂದ್ರ ಸರ್ಕಾರದ ಮನ್ನಣೆಯನ್ನು ಪಡೆಯಿತಷ್ಟೆ. ಅದರ ಪ್ರಾಚೀನತೆಗೆ ಸಾಕ್ಷ್ಯವನ್ನು ಕೂಡಿಸಿಟ್ಟವರಲ್ಲಿ ಬಿ. ಎಲ್. ರೈಸ್ ಮಹಾಶಯರು ಅಗ್ರಗಣ್ಯರು. 1837ರಲ್ಲಿ ಬೆಂಗಳೂರಿನಲ್ಲಿ ಆಂಗ್ಲ ಪಾದ್ರಿಯೊಬ್ಬರ ಪುತ್ರರಾಗಿ ಜನಿಸಿದ ಇವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಸೇವೆಗೈದು, ಬಳಿಕ ಪ್ರಾಚ್ಯಶೋಧನ ಇಲಾಖೆಯ ಮುಖ್ಯಾಧಿಕಾರಿಗಳಾದರು. ಮೈಸೂರು, ಕೊಡಗು ಸೀಮೆಗಳಲ್ಲಿ ಅನಾದರಕ್ಕೀಡಾಗಿದ್ದ ಸುಮಾರು 9,000 ಶಾಸನಗಳನ್ನು ಪ್ರತಿಮಾಡಿಸಿ 12 ಸಂಪುಟಗಳಲ್ಲಿ ಪ್ರಕಟಿಸಿದರು. ಪಂಪಭಾರತ, ಕವಿರಾಜಮಾರ್ಗಗಳು ಅಚ್ಚಾಗುವಂತೆ ಮಾಡಿದರು. 1906ರಲ್ಲಿ ನಿವೃತ್ತರಾಗಿ, 1927ರಲ್ಲಿ ಇಂಗ್ಲೆಂಡಿನಲ್ಲಿ ಕಾಲವಾದರು. ಪರಕೀಯರೊಬ್ಬರು ಇಷ್ಟು ದುಡಿದ ಮೇಲೆ ನಮ್ಮ ಹೊಣೆಯೇನು? ಸರ್ಕಾರದ ಪತ್ರದಿಂದ ಭಾಷೆಯು ಉಳಿಯದು. ಹಳಗನ್ನಡವನ್ನು ಓದಬಲ್ಲವರಿಂದಲೇ ಉಳಿಯತಕ್ಕದ್ದು. ಅಂತಹವರನ್ನು ನಮ್ಮ ಪಾಠಶಾಲೆಗಳು ಸಿದ್ಧಗೊಳಿಸದಿದ್ದರೆ, ಬಿರುದೊಂದೇ ಉಳಿದು, ಶಾಸನಗಳು ಮತ್ತೆ ಬರಿಯ ಕಲ್ಲುಗಳಾಗುವುವು.